ಚಂಪಕ್ಕನ ಬಾಣಂತಿಯೂ ಮುರಿಗೆಪ್ಪನ ಜಾರುಯಂತ್ರವೂ

“ಅಕ್ಕಾ, ಬಾ ಇಲ್ಲೆ! ಇವತ್ತಿನಿಂದ ಈ ಗಿಡಾ ಹತ್ತೂ ಹಾವು ಲೋಕದಾಗ ಹುಟ್ಟಿಲ್ಲ ಅಂತ ತಿಳ್ಕೋ!”

ಮುರಿಗೆಪ್ಪ ಹಿತ್ತಲಿನ ಪೇರಲ ಗಿಡದ ಪಕ್ಕದಲ್ಲಿ, ಫೋಟೋ ತೆಗೆಸಿಕೊಳ್ಳುವವನ ಹಾಗೆ ಎದೆ ಸೆಟೆಸಿ ನಿಂತಿದ್ದ. ಗಿಡದ ಬೊಡ್ಡೆಗೆ ರಬ್ಬರು ಪಟ್ಟಿಯಿಂದ ಒಂದು ಡಬ್ಬಿ ಬಿಗಿದಿತ್ತು. ಊಟದ ಡಬ್ಬಿಯಷ್ಟು ದೊಡ್ಡದು. ಮುಂದೆ ಒಂದು ದುಂಡನೆಯ ನುಣ್ಣಗಿನ ತಿರುಗಣಿ, ಅದರ ಸುತ್ತ ಒಂದರಿಂದ ಹತ್ತರವರೆಗೆ ಅಂಕಿಗಳು.

ಚಂಪಕ್ಕ ದಾಸವಾಳ ಬಿಡಿಸುತ್ತಿದ್ದವಳು ಹೂವಿನ ಬುಟ್ಟಿಯೊಂದಿಗೇ ಬಂದು ನಿಂತಳು. ತಮ್ಮನ ಯಂತ್ರಗಳ ಮೇಲೆ ಅವಳಿಗೆ ಅಷ್ಟೇನೂ ಭರವಸೆಯಿರಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದ ಮೇಲೆ ಅವನು ಮೊದಲು ಮಾಡಿದ್ದು ರೊಟ್ಟಿ ಬಡಿಯುವ ಯಂತ್ರ. ಅದು ಬಡಿದ ಮೊದಲ ರೊಟ್ಟಿ ಅಡುಗೆಮನೆಯ ಜಂತಿಗೆ ಅಂಟಿಕೊಂಡು ಎರಡು ವರ್ಷವಾಯಿತು. ಈಗಲೂ ಅಲ್ಲೇ ಇದೆ.

ಆದರೆ ಈ ಸಲ ಚಂಪಕ್ಕನೇ ಅವನನ್ನು ಕೇಳಿಕೊಂಡಿದ್ದಳು. ಅವಳು ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳು. ಗುಡ್ಡದ ಓಣಿಯ ಅರ್ಧ ಜನ ಮೊದಲ ಸಲ ಅತ್ತದ್ದು ಅವಳ ಕೈಯಲ್ಲೇ. ನಿವೃತ್ತಿಯಾಗಿ ಮನೆಗೆ ಬಂದ ವರ್ಷವೇ ಪೇರಲ ಗಿಡದಲ್ಲಿ ಒಂದು ಜೋಡಿ ಪಿಕಳಾರ ಹಕ್ಕಿ ಗೂಡು ಕಟ್ಟಿದವು. ಮೊದಲನೆಯ ವರ್ಷ ಅವಳ ಕಣ್ಣೆದುರಿಗೇ ಒಂದು ಕೇರೆ ಹಾವು ಗಿಡ ಹತ್ತಿ ಮೊಟ್ಟೆಗಳನ್ನು ನುಂಗಿತು. ಎರಡನೆಯ ವರ್ಷ ಕೋಲು ಹಿಡಿದು ಕಾವಲು ಕೂತಳು. ಉಕ್ಕುತ್ತಿದ್ದ ಹಾಲು ಇಳಿಸಿ ಬರುವಷ್ಟರಲ್ಲಿ ಗೂಡು ಬರಿದಾಗಿತ್ತು. ಆ ದಿನ ಅವಳು ಊಟ ಮಾಡಲಿಲ್ಲ.

“ನನ್ನ ವಾರ್ಡಿನ್ಯಾಗ ಮೂರನೇ ಸಲಾ ಹಿಂಗ ಆಗೂದು ಬ್ಯಾಡ,” ಎಂದಿದ್ದಳು ತಮ್ಮನಿಗೆ. ಈಗ ಗೂಡಿನಲ್ಲಿ ಮೂರು ಮೊಟ್ಟೆಗಳಿದ್ದವು. ನಸುಗೆಂಪು ಬಣ್ಣ, ಮೇಲೆ ಕಂದು ಚುಕ್ಕೆ. ಕಾವಿಗೆ ಕೂತು ಒಂಬತ್ತು ದಿನವಾಗಿತ್ತು.

“ಹಾವು ಗಿಡಾ ಹೆಂಗ ಹತ್ತತೈತಿ ಹೇಳು?” ಎಂದ ಮುರಿಗೆಪ್ಪ, ಮಾಸ್ತರನ ಹಾಗೆ ಬೆರಳೆತ್ತಿ. “ಹೊಟ್ಟಿ ತೊಗಟಿಗೆ ಒತ್ತಿ ಹಿಡೀತೈತಿ. ಆ ಹಿಡಿತಕ್ಕ ಘರ್ಷಣೆ ಅಂತಾರ. ನನ್ನ ಡಬ್ಬಿ ಸುತ್ತಲಿನ ಘರ್ಷಣೆನ ಎಲ್ಲಾ ಹೀರಿ ಬಿಡತೈತಿ. ಆಮ್ಯಾಲ ಏನಾಗತೈತಿ?”

“ಜಾರತೈತಿ.”

“ಅಷ್ಟ!”

ಅವನು ತಿರುಗಣಿಯನ್ನು ಒಂದಕ್ಕೆ ತಂದ. ಡಬ್ಬಿ ಸಣ್ಣಗೆ ಗುಂಯ್‌ಗುಟ್ಟಿತು. ಬೊಡ್ಡೆಯ ಮೇಲೆ ಸಾಲಾಗಿ ಹೊರಟಿದ್ದ ಇರುವೆಗಳು ಎಳ್ಳು ಚೆಲ್ಲಿದ ಹಾಗೆ ಬುಡಕ್ಕೆ ಉದುರಿದವು. ಎಲ್ಲಿಂದಲೋ ಓಡಿ ಬಂದ ಅಳಿಲೊಂದು ಗಿಡಕ್ಕೆ ಜಿಗಿದು, ನಾಲ್ಕೂ ಕಾಲು ಚಾಚಿಕೊಂಡು ನಿಧಾನವಾಗಿ ಕೆಳಗಿಳಿಯಿತು. ಮತ್ತೆ ಹತ್ತಿತು. ಮತ್ತೆ ಇಳಿಯಿತು. ಮೂರನೆಯ ಸಲ ಬುಡದಲ್ಲೇ ಕೂತು, ಬಾಲ ಕುಣಿಸುತ್ತ ಮುರಿಗೆಪ್ಪನನ್ನು ಬಾಯಿಗೆ ಬಂದಂತೆ ಬೈಯತೊಡಗಿತು!

ಚಂಪಕ್ಕ ಬಿದ್ದೂ ಬಿದ್ದೂ ನಕ್ಕಳು. “ಹಾವಿಗೆ ಪೆಟ್ಟಾಗೂದಿಲ್ಲ ಹೌದಲ್ಲೋ?”

“ಏನೂ ಆಗೂದಿಲ್ಲ. ಮರ್ಯಾದಿ ಅಷ್ಟ ಹೋಗತೈತಿ.”

“ಡಬ್ಬಿ ಕೆಟ್ರ ಬಿಚ್ಚೂದು ಹೆಂಗ?”

“ಬಿಚ್ಚೂದಾ? ಒಂದೂ ಸ್ಕ್ರೂ ಇಲ್ಲ ಇದರಾಗ! ಎಲ್ಲಾ ಬೆಸುಗಿ! ಬ್ರಹ್ಮ ಬಂದ್ರೂ ಬಿಚ್ಚಾಕ ಆಗೂದಿಲ್ಲ!” ಎಂದು ಮುರಿಗೆಪ್ಪ ಮೀಸೆ ತೀಡಿದ.

ಹನ್ನೊಂದು ಗಂಟೆಯ ಬಿಸಿಲಿಗೆ ಹಾವು ಬಂತು. ಆರಡಿಯ ಕೇರೆ. ಹೋದ ವರ್ಷದ ಅದೇ ಗಿರಾಕಿ ಎಂದು ಚಂಪಕ್ಕ ಗುರುತು ಹಿಡಿದಳು. ಅದು ತನ್ನ ಮನೆಯ ಮೆಟ್ಟಿಲು ಹತ್ತುವಂತೆ ಪೇರಲಕ್ಕೆ ಸುತ್ತಿಕೊಂಡು ಒಂದು ಮೊಳ ಏರಿತು. ಏರಿದ್ದಷ್ಟೂ ಸರ್ರನೆ ಇಳಿದು ಬುಡದಲ್ಲಿ ಹಗ್ಗದ ಸಿಂಬಿಯಾಗಿ ಕೂತಿತು.

“ಕಂಡ್ಯಾ!” ಎಂದು ಮುರಿಗೆಪ್ಪ ಕುಣಿದ.

ಹಾವು ಸ್ವಲ್ಪ ಹೊತ್ತು ಯೋಚನೆ ಮಾಡಿತು. ಆಮೇಲೆ ಪಕ್ಕದ ಮನೆಯ ಗೋಡೆಯ ಕಡೆ ಹೊರಟಿತು. ಆ ಗೋಡೆಯಿಂದ ಪೇರಲದ ಕೊಂಬೆಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿತ್ತು.

“ಮುರಿಗ್ಯಾ, ಗೋಡಿ! ಗೋಡಿ ಹತ್ತಾಕತ್ತೈತಿ!”

ಮುರಿಗೆಪ್ಪ ತಿರುಗಣಿಯನ್ನು ಮೂರಕ್ಕೆ ತಿರುಗಿಸಿದ. ಹಾವು ಗೋಡೆಯಿಂದ ಜಾರಿತು. ಹಿಂದಿನ ನುಗ್ಗೆ ಗಿಡದ ಕಡೆ ಹೋಯಿತು. ಅದರ ಕೊಂಬೆಯೂ ಪೇರಲಕ್ಕೆ ತಾಗುತ್ತಿತ್ತಲ್ಲ! ಹಾವಿನದು ಹಸಿವೆಯ ಹಟವಾದರೆ ಮುರಿಗೆಪ್ಪನದು ವಿಜ್ಞಾನದ ಹಟ. ಅವನು ಆರಕ್ಕೆ ತಿರುಗಿಸಿದ.

ಪಕ್ಕದ ಮನೆಯಿಂದ “ಯಪ್ಪಾ!” ಎಂಬ ಕೂಗು ಕೇಳಿತು.

ಆ ಮನೆ ಸಿಂಪಿಗೇರ ಕೊಟ್ರಪ್ಪನದು. ಓಣಿಗೆಲ್ಲ ಬಟ್ಟೆ ಹೊಲಿಯುವವನು ಅವನೇ. ಎರಡು ಹಿತ್ತಲುಗಳ ನಡುವಿನ ಸಣ್ಣ ಬಾಗಿಲಿನಿಂದ ಅವನು ಕೂತ ಭಂಗಿಯಲ್ಲೇ ಜಾರಿಕೊಂಡು ಬಂದು, ತುಳಸಿಕಟ್ಟೆಗೆ ಬಡಿದು ನಿಂತ. ಮಡಿಲಲ್ಲಿ ಒಂದು ಕೋಟಿನ ತೋಳು.

“ಅಕ್ಕಾರ, ಹೊಲಿಗಿ ತಾವ ಬಿಚ್ಚಾಕತ್ತಾವ್ರೀ! ನಾಳಿ ಮದಿವಿ ಐತಿ, ಮದಿಮಗನ ಕೋಟು ಎಂಟು ತುಂಡಾತ್ರೀ!” ಎಂದು ಗೋಳಿಟ್ಟ. ಹೇಳುತ್ತಿದ್ದಂತೆ ಅವನ ಅಂಗಿಯ ಬಲತೋಳು ತಾನಾಗಿ ಕಳಚಿ ಮೊಣಕೈಗೆ ಬಂತು.

“ಹೌದಲ್ಲ! ದಾರಾನ ಹಿಡಿದಿಡೂದೂ ಘರ್ಷಣೆನ ಅಲ್ಲೇನು!” ಎಂದು ಮುರಿಗೆಪ್ಪ ಬಹಳ ಆಸಕ್ತಿಯಿಂದ ಹೇಳಿದ. ಆಮೇಲೆ ಥಟ್ಟನೆ ಏನೋ ನೆನಪಾಗಿ ತನ್ನ ಧೋತರದ ಮೇಲೆ ಗಟ್ಟಿಯಾಗಿ ಕೂತುಬಿಟ್ಟ. ಚಂಪಕ್ಕನ ಪುಣ್ಯಕ್ಕೆ ಅವಳು ಉಟ್ಟದ್ದು ಒಂಬತ್ತು ಗಜದ ಇಳಕಲ್ ಸೀರೆ. ಅದು ಪೂರಾ ಬಿಚ್ಚಬೇಕಾದರೆ ಮಧ್ಯಾಹ್ನವಾಗಬೇಕು.

“ಬಂದ್ ಮಾಡೋ ಅದನ್ನ!”

ಮುರಿಗೆಪ್ಪ ಕೂತಲ್ಲಿಂದಲೇ ಕೈಚಾಚಿ ತಿರುಗಣಿಯನ್ನು ಹಿಡಿದ. ಬೆರಳು ಜಾರಿತು. ಮತ್ತೆ ಹಿಡಿದ. ಮತ್ತೆ ಜಾರಿತು. ಬೆಣ್ಣೆ ಹಚ್ಚಿದ ಗೋಲಿಯನ್ನು ಹಿಡಿದ ಹಾಗೆ!

“ಸರೀರಿ, ನಾ ನೋಡತೀನಿ,” ಎಂದು ಕೊಟ್ರಪ್ಪ ತುಳಸಿಕಟ್ಟೆಯನ್ನು ಒದ್ದು ಜಾರಿ ಬಂದು, ಕೋಟಿನ ತೋಳಿನಿಂದ ತಿರುಗಣಿಗೆ ಒಂದು ಏಟು ಬೀಸಿದ. ತಡೆಯುವ ಘರ್ಷಣೆ ಇಲ್ಲದ ಮೇಲೆ ತಿರುಗಣಿ ನಿಲ್ಲುತ್ತದೆಯೇ? ಬುಗುರಿಯ ಹಾಗೆ ಗಿರ್ರನೆ ತಿರುಗಿ, ಏಳು ಎಂಟು ಒಂಬತ್ತು ದಾಟಿ, ಹತ್ತಕ್ಕೆ ಬಡಿದು ನಿಂತಿತು.

“ಕೊಟ್ರಪ್ಪಣ್ಣ! ಆ ಕಡೆ ಅಲ್ಲ, ಈ ಕಡೆ!”

“ಅಂಕಿ ಬರದಾವ್ರು ನೀವು, ನನಗೇನ್ ಗೊತ್ರೀ!”

“ಕಿವಿ ಇರೂ ತಿರುಗಣಿ ಹಾಕಾಕ ಏನು ಧಾಡಿ ಆಗಿತ್ತು ನಿನಗ?” ಎಂದಳು ಚಂಪಕ್ಕ, ನಿಲ್ಲಲಾಗದೆ ಬಚ್ಚಲಗೋಡೆಯ ಮೂಲೆಗೆ ಬೆನ್ನು ಕೊಟ್ಟು.

“ದುಂಡಂದು ಛಂದ ಕಾಣತಿತ್ತಕ್ಕಾ!”

ಅಷ್ಟರಲ್ಲಿ ಮನೆಯೊಳಗೆ ಗೋಡೆಯ ಮೊಳೆಗಳು ಒಂದೊಂದಾಗಿ ಹೊರಬಂದು, ಕ್ಯಾಲೆಂಡರು, ಕನ್ನಡಿ, ಗಡಿಯಾರ ಎಲ್ಲ ದಬದಬನೆ ಬಿದ್ದವು. ಮಾಡಿನ ಹೆಂಚುಗಳು ಇಸ್ಪೀಟು ಎಲೆಗಳಂತೆ ಒಂದರ ಹಿಂದೊಂದು ಜಾರಿ ಚೆಂಡುಹೂವಿನ ಮಡಿಯ ಮೇಲೆ ಪೇರಿಕೊಂಡವು. ಹಾವು ಅಂಗಳದ ನಡುವೆ ಎಷ್ಟು ಹೊರಳಿದರೂ ಒಂದು ಅಂಗುಲವೂ ಸಾಗದೆ, ಬಾಯಿ ತೆರೆದು ಬಿದ್ದಿತ್ತು. ಅದರ ಮುಖದಲ್ಲೂ ಹೆದರಿಕೆ ಇತ್ತೆಂದು ಚಂಪಕ್ಕ ಇಂದಿಗೂ ಹೇಳುತ್ತಾಳೆ.

ಆಗಲೇ ಪಿಕಳಾರ ಚೀರಿತು.

ಚಂಪಕ್ಕ ತಲೆ ಎತ್ತಿ ನೋಡಿದಳು. ಗೂಡಿನಿಂದ ಒಂದು ಒಣಕಡ್ಡಿ ಮೆಲ್ಲಗೆ ಜಾರಿ ಕೆಳಗೆ ಬಿತ್ತು. ಅದರ ಹಿಂದೆ ಒಂದು ನಾರು. ಮತ್ತೊಂದು ಕಡ್ಡಿ. ಗೂಡೆಂದರೆ ಮತ್ತೇನು? ಕಡ್ಡಿಗೆ ಕಡ್ಡಿ ಆತುಕೊಂಡು ನಿಂತದ್ದು, ಅಷ್ಟೇ.

“ಮುರಿಗ್ಯಾ, ಗೂಡು ಬಿಚ್ಚಾಕತ್ತೈತಿ!”

ಮುರಿಗೆಪ್ಪನ ಮುಖ ಸುಣ್ಣದಂತಾಯಿತು. “ಅದನ್ನ... ಅದನ್ನ ನಾ ವಿಚಾರ ಮಾಡಿದ್ದಿಲ್ಲಕ್ಕಾ,” ಎಂದ. ಅವನ ದನಿಯಲ್ಲಿ ಜಂಬದ ಲವಲೇಶವೂ ಉಳಿದಿರಲಿಲ್ಲ. ಎದ್ದು ನಿಲ್ಲಲು ಹೋದ. ಎರಡೂ ಕಾಲು ಎರಡು ದಿಕ್ಕಿಗೆ ಓಡಿದವು.

ಕರೆಂಟು ಹೋದಾಗ, ಡಾಕ್ಟರು ಬರದಿದ್ದಾಗ, ವಾರ್ಡಿನಲ್ಲಿ ಒಬ್ಬಳೇ ನಿಂತವಳು ಚಂಪಕ್ಕ. ಕೈಯಲ್ಲಿ ಏನೂ ಹಿಡಿಯಲಾಗುವುದಿಲ್ಲ, ಸರಿ. ಆದರೆ ತೂಗುಹಾಕಬಹುದಲ್ಲ! ದಾಸವಾಳ ತುಂಬಿದ ಸ್ಟೀಲಿನ ಹೂಬುಟ್ಟಿಯ ಹಿಡಿಕೆಯನ್ನು ಬಲಗೈಗೆ ಬಳೆಯ ಹಾಗೆ ಏರಿಸಿದಳು. ಬೆನ್ನಿನಿಂದ ಗೋಡೆಯನ್ನು ನೂಕಿದಳು. ನಿಂತ ನಿಲುವಿನಲ್ಲೇ ಕೇರಂ ಕಾಯಿಯಂತೆ ಅಂಗಳ ದಾಟಿ ಪೇರಲಕ್ಕೆ ಬಂದು ತಾಗಿದಳು. ಕವಲಿಗೆ ಎಡ ಮೊಣಕೈಯನ್ನು ಕೊಕ್ಕೆಯಂತೆ ಸಿಕ್ಕಿಸಿದಳು. ಕೆಳಗೆ ಕಾಲುಗಳು ಸೈಕಲ್ ತುಳಿಯುತ್ತಿದ್ದವು. ಮೇಲೆ ಬುಟ್ಟಿ ಗೂಡಿನ ಕೆಳಗೆ ಹೋಗಿ ನಿಂತಿತು.

ತಾಯಿ ಹಕ್ಕಿ ಅವಳ ತಲೆಯ ಸುತ್ತ ಹಾರುತ್ತ ಒಂದೇ ಸಮನೆ ಕೂಗುತ್ತಿತ್ತು.

“ಅವಸರ ಮಾಡಬ್ಯಾಡ ನನ್ನವ್ವಾ. ಹೆದರಬ್ಯಾಡ. ನಾ ಅದೀನಿ,” ಎಂದಳು ಚಂಪಕ್ಕ. ಮೂವತ್ತನಾಲ್ಕು ವರ್ಷ ಎಷ್ಟೋ ಹೆಣ್ಣುಮಕ್ಕಳಿಗೆ ಹೇಳಿದ ಮಾತು ಅದು.

ಗೂಡಿನ ತಳ ಬಿರಿಯಿತು. ಒಂದು ಮೊಟ್ಟೆ ಜಾರಿ ದಾಸವಾಳದ ಮೇಲೆ ಬಿತ್ತು. ಸದ್ದೇ ಇಲ್ಲ. ಎರಡನೆಯದೂ ಬಿತ್ತು. ಮೂರನೆಯದು ದಾರಿ ತಪ್ಪಿ, ಕೊಂಬೆಯ ಸಣ್ಣ ತಗ್ಗಿನಲ್ಲಿ ಸಿಕ್ಕಿಕೊಂಡು, ತೊಟ್ಟಿಲಿನಂತೆ ಅತ್ತಿತ್ತ ತೂಗತೊಡಗಿತು. ಆಚೆ ಬದಿಗೆ ಹೊರಳಿದರೆ ಕೆಳಗೆ ಕಲ್ಲು ಹಾಸು.

“ಅಕ್ಕಾರ, ಆ ಕಡೆ ಹೊಂಟ್ತು! ಆ ಕಡೆ!” ಕೊಟ್ರಪ್ಪ ಕಿರುಚಿದ.

ಚಂಪಕ್ಕನ ಎರಡೂ ಕೈ ಕಟ್ಟಿಹಾಕಿದಂತಿದ್ದವು. ಅವಳು ಕತ್ತು ಚಾಚಿ, ತುಟಿ ಮುಂದೆ ಮಾಡಿ, ಮಗುವಿನ ಕಣ್ಣಿಗೆ ಬಿದ್ದ ಧೂಳು ಊದುವಷ್ಟೇ ಮೆತ್ತಗೆ ಊದಿದಳು. ಅಷ್ಟೇ ಸಾಕಾಯಿತು. ಮೊಟ್ಟೆ ಸರ್ರನೆ ಜಾರಿ ಬುಟ್ಟಿ ಸೇರಿತು.

ಕೊಟ್ರಪ್ಪ ಚಪ್ಪಾಳೆ ತಟ್ಟಲು ಹೋದ. ಅಂಗೈಗಳು ಒಂದಕ್ಕೊಂದು ನಿಲ್ಲದೆ ಜಾರಿ, ಅವನು ತನ್ನನ್ನೇ ತಾನು ತಬ್ಬಿಕೊಂಡ!

ಅದೇ ಹೊತ್ತಿಗೆ ಡಬ್ಬಿಯ ರಬ್ಬರು ಪಟ್ಟಿಯ ಗಂಟೂ ಜಾರಿತು. ಡಬ್ಬಿ ಬೊಡ್ಡೆಗುಂಟ ಇಳಿದು ನೇರವಾಗಿ ಮುರಿಗೆಪ್ಪನ ಮಡಿಲಿಗೆ ಬಂದು ಕೂತಿತು. ಗುಡ್ಡದ ಓಣಿಯ ಮನೆಗಳೆಲ್ಲ ಇಳಿಜಾರಿನ ಮೇಲಿರುವಂಥವು. ಮುರಿಗೆಪ್ಪ ಮೆಲ್ಲಗೆ ಹೊರಟ.

“ಅಕ್ಕಾ... ನಾ ಹೊಂಟೆ ಅಕ್ಕಾ!”

“ಡಬ್ಬಿ ಒಗಿಯೋ!”

“ಬಿಟ್ರ ಒಡೀತೈತಿ! ಆರು ತಿಂಗಳ ಶ್ರಮಾ!”

ಗೇಟಿನ ಅಗಳಿ ತಾನಾಗಿ ಜಾರಿ ದಾರಿ ಬಿಟ್ಟಿತು. ಡಬ್ಬಿ ದೂರವಾದಂತೆ ಹಿತ್ತಲಿನ ನೆಲಕ್ಕೆ ಹಿಡಿತ ಮರಳಿ ಬಂತು. ಚಂಪಕ್ಕ ಕಾಲೂರಿ, ಬುಟ್ಟಿಯನ್ನು ಕೊಟ್ರಪ್ಪನ ಕೈಗಿತ್ತು ಗೇಟಿಗೆ ಓಡಿದಳು. ಓಣಿಯಲ್ಲಿ ಮುರಿಗೆಪ್ಪ ಹಸುಗೂಸನ್ನು ಎತ್ತಿಕೊಂಡಂತೆ ಡಬ್ಬಿಯನ್ನು ತಬ್ಬಿ, ಕೂತೇ ಇಳಿಯುತ್ತಿದ್ದ. ಅವನ ಹಿಂದೆ ಕೋಲಿನಂತೆ ನೆಟ್ಟಗಾದ ಹಾವು. ಹಾವಿನ ಹಿಂದೆ ನಾಲ್ಕೂ ಕಾಲು ಹರಡಿದ ಒಂದು ನಾಯಿ. ನಾಯಿಯ ಹಿಂದೆ ಕೈಗಾಡಿಯ ಉಳ್ಳಾಗಡ್ಡಿ. ಸ್ಕೂಟರಿನಲ್ಲಿ ಏರು ಹತ್ತುತ್ತಿದ್ದವರೊಬ್ಬರು ನಡುವೆ ನಿಂತು, ಹಿಮ್ಮುಖವಾಗಿ ಅವನ ಜೊತೆಗೇ ಇಳಿಯತೊಡಗಿದರು.

“ಏನ್ರೀ ಮುರಿಗೆಪ್ಪಾರ, ಎತ್ತಾಗ ಹೊಂಟೀರಿ?”

“ಸುಮ್ನ, ಕೆಳಗ!”

ತಿರುವಿನಲ್ಲಿ ಹಾವು ತಿರುಗಲಿಲ್ಲ. ನೆಟ್ಟಗೆ ಹೋಗಿ ಪೊದೆ ಸೇರಿಕೊಂಡಿತು. ಮುರಿಗೆಪ್ಪ ಒಂದು ಎಮ್ಮೆಗೆ ತಾಗಿ ತಿರುಗಿ ಮರೆಯಾದ.

ಮುಂದಿನದನ್ನು ಕಣ್ಣಾರೆ ಕಂಡವರು ಬಂದು ಹೇಳಿದರು. ಓಣಿಯ ಕೊನೆಗೆ ಒಂದು ಸರಕಾರಿ ಕಚೇರಿ. ಬಾಗಿಲು ತೆರೆದಿತ್ತು. ಮುರಿಗೆಪ್ಪ ನೇರವಾಗಿ ಒಳಗೆ ಹೋಗಿ, ದಾಖಲೆಗಳ ಬೀರುವಿಗೆ ಬಡಿದು, ಅಲ್ಲೇ ನಿಂತ. ಡಬ್ಬಿ ಇನ್ನೂ ಗುಂಯ್‌ಗುಟ್ಟುತ್ತಿತ್ತು. ಬೀರುವಿನ ಫೈಲುಗಳು ಒಂದೊಂದಾಗಿ ಜಾರಿ ಮೊದಲ ಮೇಜಿಗೆ ಬಂದವು. ಅಲ್ಲಿಂದ ಎರಡನೆಯ ಮೇಜಿಗೆ, ಮೂರನೆಯದಕ್ಕೆ. ಗುಮಾಸ್ತರು ತಡೆಯಲು ಹೋದರೆ ಅವರ ಪೆನ್ನು ಜಾರಿ ಎಳೆದ ಗೆರೆಯೇ ಸಹಿಯಾಯಿತು. ಕೈಯಿಂದ ಜಾರಿದ ಮೊಹರು ಬಿದ್ದಲ್ಲೇ ಒತ್ತಿಕೊಂಡಿತು. ಕೊನೆಗೆ ಸಾಹೇಬರ ಮೇಜನ್ನೂ ದಾಟಿದ ಕಾಗದಗಳು ಕಿಟಕಿಯಿಂದ ಹೊರಗೆ, ಸರತಿಯಲ್ಲಿ ನಿಂತ ಜನರ ಮಡಿಲಿಗೇ ಬಂದು ಬಿದ್ದವು! ಬ್ಯಾಟರಿ ಮುಗಿಯುವುದರೊಳಗೆ ಹನ್ನೊಂದು ವರ್ಷದ ಕೆಲಸ ನಲವತ್ತು ನಿಮಿಷದಲ್ಲಿ ಮುಗಿದಿತ್ತು. ಜನ ಮುರಿಗೆಪ್ಪನನ್ನು ಹೆಗಲ ಮೇಲೆ ಹೊತ್ತು ಮನೆ ಮುಟ್ಟಿಸಿದರು.

ಇತ್ತ ಚಂಪಕ್ಕ ಉದುರಿದ ಕಡ್ಡಿ ನಾರುಗಳನ್ನು ಆರಿಸಿ, ಮಣ್ಣಿನ ಬಟ್ಟಲಲ್ಲಿ ಹಾಸಿ, ಮೊಟ್ಟೆಗಳನ್ನಿಟ್ಟು, ಅದೇ ಕವಲಿಗೆ ಕಟ್ಟಿದಳು. ಅಡುಗೆಮನೆಯ ಕಿಟಕಿಯಲ್ಲಿ ಉಸಿರು ಬಿಗಿಹಿಡಿದು ನಿಂತಳು. ಹಕ್ಕಿ ನಾಲ್ಕು ಸುತ್ತು ಹಾರಿತು, ಇಣುಕಿತು, ಮತ್ತೆ ಹಾರಿತು. ಕೊನೆಗೆ ಬಂದು ಕೂತಿತು. ಚಂಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೊಟ್ರಪ್ಪ ಹಳೆಯ ಎಣ್ಣೆ ಡಬ್ಬಿಯ ತಗಡನ್ನು ಕತ್ತರಿಸಿ, ಬೋರಲು ಹಾಕಿದ ಆಲಿಕೆಯಂತೆ ಬೊಡ್ಡೆಗೆ ಸುತ್ತಿದ; ಹಗ್ಗ ಬಿಚ್ಚಿ, ನುಗ್ಗೆಯ ಕೊಂಬೆಯನ್ನೂ ಕಡಿದ. ಮರುದಿನ ಬಂದ ಹಾವು ತಗಡಿನ ಕೆಳಗೆ ತಲೆ ತೂರಿಸಿ, ಮುಂದೆ ದಾರಿ ಕಾಣದೆ, ಇಲಿ ಹುಡುಕಿಕೊಂಡು ಹೋಯಿತು.

ನಾಲ್ಕನೆಯ ದಿನ ಮೂರು ಮರಿಗಳು ಬಾಯಿ ತೆರೆದು ಕೂಗುತ್ತಿದ್ದಾಗ ಜವಾನನೊಬ್ಬ ಬಂದು ಮುರಿಗೆಪ್ಪನಿಗೆ ಒಂದು ಲಕೋಟೆ ಕೊಟ್ಟು ಹೋದ. ‘ಕಚೇರಿಯಲ್ಲಿ ಬಾಕಿ ಇದ್ದ ಕೆಲಸಗಳನ್ನೆಲ್ಲ ಅನುಮತಿಯಿಲ್ಲದೆ ಮುಗಿಸಿ, ಸಿಬ್ಬಂದಿಯ ದೈನಂದಿನ ಕರ್ತವ್ಯಕ್ಕೆ ಅಡ್ಡಿಪಡಿಸಿದ್ದಕ್ಕೆ’ ಕಾರಣ ಕೇಳಿ ನೋಟೀಸು!

ಚಂಪಕ್ಕ ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದಳು. ತಾರೀಖು ನೋಡಿದಳು. ಆಮೇಲೆ ಮಡಚಿ ತಮ್ಮನ ಕೈಗಿಟ್ಟಳು.

“ನಾಕ ದಿನದಾಗ ಬಂದೈತಿ ನೋಡು,” ಎಂದಳು. “ಇದಕ್ಕ ಯಾವ ಡಬ್ಬಿನೂ ಬೇಕಾಗಲಿಲ್ಲ.”