ಕುದುರೆ ಕಾಲಡಿಯ ಹೆಸರು

ಮೀನು ಮಾರುವ ಫಿಲಿನ್ನಾ ಅವತ್ತು ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಹೋಗಿದ್ದರೆ ಥಲ್ಲೋಸ್ ತನ್ನ ಪಾಡಿಗೆ ತಾನಿರುತ್ತಿದ್ದ. ಆದರೆ ಫಿಲಿನ್ನಾ ಬಾಯಿ ಮುಚ್ಚಿದ್ದನ್ನು ಅಥೆನ್ಸಿನ ಕುಂಬಾರಗೇರಿಯಲ್ಲಿ ಕಂಡವರೇ ಇಲ್ಲ.

ಆವಿಗೆಯಿಂದ ತೆಗೆದ ದ್ರಾಕ್ಷಾರಸದ ಬಾನಿಯೊಂದನ್ನು ಥಲ್ಲೋಸ್ ಅಂಗಳದಲ್ಲಿ ಒರೆಸುತ್ತಿದ್ದ. ಕಪ್ಪು ಹೊಳಪಿನ ನಡುವೆ ಕೆಂಪು ಕುದುರೆಯೊಂದು ಮುಂಗಾಲೆತ್ತಿ ನಿಂತಿತ್ತು. ಫಿಲಿನ್ನಾ ಬುಟ್ಟಿ ಇಳಿಸಿ ಬಗ್ಗಿದಳು.

“ಅಬ್ಬಬ್ಬಾ! ಈಗ ಕೆನೆಯುತ್ತೆ, ಆಗ ಕೆನೆಯುತ್ತೆ ಅನ್ನೋ ಹಾಗಿದೆ. ನಿಮ್ಮ ಧಣಿ ನಿಕೊಬುಲೋಸ್ ಕೈಗೆ ಮುತ್ತಿಡಬೇಕು.”

“ಧಣಿ ಕೈಗಾ? ಅದು ಊಟಕ್ಕೆ ಬಿಟ್ರೆ ಇನ್ಯಾವುದಕ್ಕೂ ಏಳಲ್ಲ. ಬರೆದವನು ನಾನು ಕಣಮ್ಮಾ!”

“ಸುಮ್ನಿರಯ್ಯಾ! ಕೆಳಗಡೆ ‘ನಿಕೊಬುಲೋಸ್ ಮಾಡಿದ’ ಅಂತಿದೆ. ಓದು ಬಾರದ ನಂಗೇ ಗೊತ್ತು. ನೀನು ಬರೆದಿದ್ರೆ ನಿನ್ನ ಹೆಸರೆಲ್ಲಿ?”

ಥಲ್ಲೋಸನ ಕೈಯಲ್ಲಿದ್ದ ಬಟ್ಟೆ ಜಾರಿಬಿತ್ತು. ಹನ್ನೆರಡು ವರ್ಷದಿಂದ ದೇವರು, ವೀರರು, ಕುದುರೆ, ಕೋಳಿ ಎಲ್ಲವನ್ನೂ ಬರೆದಿದ್ದ. ಪಾತ್ರೆಯ ಮೇಲೆ ಕೋಳಿಗೂ ಒಂದು ಹೆಸರಿತ್ತು. ಬರೆದವನಿಗೆ ಮಾತ್ರ ಇರಲಿಲ್ಲ.

“ಇವತ್ತು ಬರೀತೀನಿ. ಆಕಾಶ ಕಳಚಿ ಬೀಳಲಿ, ಬರೀತೀನಿ!” ಎಂದು ಕಬ್ಬಿಣದ ಮೊಳೆ ಎತ್ತಿಕೊಂಡ.

ಒಂದೇ ತೊಡಕು. ಅವನಿಗೆ ಅಕ್ಷರ ಬರುತ್ತಿರಲಿಲ್ಲ.

ಅಕ್ಷರ ಬರುತ್ತಿದ್ದದ್ದು ಪಕ್ಕದಲ್ಲಿ ಕೂತು ಪಾತ್ರೆಗಳಿಗೆ ಚಿತ್ರ ಬರೆಯುವ ಗೋರ್ಗಿಲೋಸನಿಗೆ. ಅವನಿಗೆ ಚಿತ್ರ ಬರುತ್ತಿರಲಿಲ್ಲ. ಅವನು ಬರೆದ ಕುದುರೆಯನ್ನು ಕಂಡರೆ ಬೀದಿನಾಯಿಗಳು ತಮ್ಮವನೇ ಎಂದುಕೊಂಡು ಬಾಲ ಅಲ್ಲಾಡಿಸುತ್ತಿದ್ದವು.

“ಧಣಿ ಬಂದ್ರೆ ಚರ್ಮ ಸುಲೀತಾನೆ ಕಣೋ,” ಎನ್ನುತ್ತಲೇ ಗೋರ್ಗಿಲೋಸ್ ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆದು ತೋರಿಸಿದ: ‘ಥಲ್ಲೋಸ್ ಬರೆದ’. ಅದನ್ನು ನೋಡಿಕೊಂಡು ಥಲ್ಲೋಸ್ ಕುದುರೆಯ ಕಾಲಡಿ ಗೀರತೊಡಗಿದ. ಅಷ್ಟರಲ್ಲಿ ಕೇರಿಯೇ ಅಂಗಳಕ್ಕೆ ಬಂದಿತ್ತು. ಆವಿಗೆಗೆ ಸೌದೆ ಒಟ್ಟುವವರು, ಎದುರುಮನೆ ಕುಂಬಾರ, ಅವನ ಅತ್ತೆ.

“ಇನ್ನೂ ದಪ್ಪ ಇರ್ಲಿ!”

“ಎಡಕ್ಕೆ, ಎಡಕ್ಕೆ!”

“ನಂಗೆ ಕಾಣಿಸ್ತಾನೇ ಇಲ್ವಲ್ಲೋ!” ಎಂದು ಅತ್ತೆ ಅವನ ಬೆನ್ನಿನ ಮೇಲೆ ಬಾಗಿದಳು. ಮೊಳೆ ಜಾರಿತು. ಕೊನೆಯ ಅಕ್ಷರ ಸರ್ರನೆ ಹರಿದು ಗೊರಸಿನವರೆಗೆ ಹೋಯಿತು. ಕುದುರೆ ಹಾವು ತುಳಿದಂತೆ ಕಂಡಿತು.

ಸರಿಯಾಗಿ ಆಗಲೇ ಧಣಿ ಬಂದ. ಜೊತೆಯಲ್ಲಿ ಪಶ್ಚಿಮದ ಕಡಲಾಚೆ ಎಟ್ರೂರಿಯಾದಿಂದ ಹಡಗು ತಂದಿದ್ದ ವ್ಯಾಪಾರಿ ವೆಲ್ತುರ್. ಬಾನಿಯನ್ನು ಕಂಡದ್ದೇ ನಿಕೊಬುಲೋಸ್ ಮೇಲುವಸ್ತ್ರ ಹರಡಿ, ಮರಿಗಳನ್ನು ಮುಚ್ಚುವ ಕೋಳಿಯಂತೆ ಅದರ ಮುಂದೆ ಕುಕ್ಕರಿಸಿದ.

“ಏನು ಮಾಡಿದ್ದೀಯೋ ಪಾಪಿ?” ಎಂದು ಹಲ್ಲು ಕಡಿದ.

“ಹೆಸರು ಬರೆದಿದ್ದೀನಿ. ನಂದು!” ಥಲ್ಲೋಸ್ ಎದೆ ಸೆಟೆಸಿದ. “ಅಳಿಸೋಕಾಗಲ್ಲ ಧಣಿ. ಬೇಕಾದ್ರೆ ಒಡೀರಿ.”

ವೆಲ್ತುರ್ ಧಣಿಯನ್ನು ಪಕ್ಕಕ್ಕೆ ಸರಿಸಿ ಅಕ್ಷರ ಕೂಡಿಸಿಕೊಂಡು ಓದಿದ.

“ಥಲ್ಲೋಸ್! ಆಹಾ, ಬರೆದವನ ಹೆಸರೂ ಇದೆ! ನಮ್ಮೂರಿನ ದೊಡ್ಡವರಿಗೆ ಇಂಥದ್ದೇ ಬೇಕು. ಈ ಥಲ್ಲೋಸ್ ಬರೆದದ್ದು ಎಷ್ಟಿದ್ರೂ ನಂಗೇ ಕೊಡಿ.”

ಥಲ್ಲೋಸನ ಕಣ್ಣು ತುಂಬಿತು. ಮಾತಾಡಲು ಬಾಯಿ ತೆರೆದ. ಆದರೆ ಮಾತು ಧಣಿಯ ಬಾಯಿಂದ ಬಂತು.

“ಥಲ್ಲೋಸ್ ಅನ್ನೋದು ನಮ್ಮ ಅಂಗಡಿ ಹೆಸರು ಸ್ವಾಮಿ! ಒಳಗೆ ನಲವತ್ತು ಪಾತ್ರೆ ಇವೆ, ಎಲ್ಲಾ ಥಲ್ಲೋಸೇ. ಹೆಸರು ಗೀರೋದೊಂದು ಬಾಕಿ. ಲೋ ಗೋರ್ಗಿಲೋಸ್, ಮೊಳೆ ತಗೋ!”

ಗೋರ್ಗಿಲೋಸನಿಗೆ ಗೀರಲು ಎಷ್ಟು ಹೊತ್ತು ಬೇಕು? ಅವನ ನಾಯಿಮೂತಿಯ ಕುದುರೆಗಳ ಕೆಳಗೆಲ್ಲ ‘ಥಲ್ಲೋಸ್ ಬರೆದ’ ಎಂದು ಮುತ್ತು ಪೋಣಿಸಿದ ಹಾಗೆ ಅಕ್ಷರ ಬಂದವು.

“ಆ ನಾಯಿಗಳಿಗೆ ನನ್ನ ಹೆಸರಾ?” ಥಲ್ಲೋಸ್ ವೆಲ್ತುರನ ತೋಳು ಹಿಡಿದ. “ಸ್ವಾಮಿ, ಥಲ್ಲೋಸ್ ಅಂದ್ರೆ ನಾನು! ನಾನೊಬ್ಬನೇ! ಕೇರಿಯವರನ್ನ ಕೇಳಿ.”

ಕೇರಿಯವರು ಧಣಿಯ ಮುಖ ನೋಡಿದರು. ಎಲ್ಲರಿಗೂ ಒಮ್ಮೆಲೇ ಮನೆಕೆಲಸ ನೆನಪಾಯಿತು. ಫಿಲಿನ್ನಾ ಕೂಡ ಬುಟ್ಟಿ ಹೊತ್ತು ಹೊರಟಳು, ಮೊದಲ ಸಲ ಬಾಯಿ ಮುಚ್ಚಿಕೊಂಡು.

ಕೊನೆಗೆ ಉಳಿದದ್ದು ಒಂದೇ ಹೂಜಿ, ಥಲ್ಲೋಸನೇ ಬರೆದದ್ದು. ಅದರ ಮೇಲೆ ಎರಡು ಕುದುರೆ ನೀರು ಕುಡಿಯುತ್ತಿದ್ದವು. ಥಲ್ಲೋಸ್ ಅದನ್ನು ತಬ್ಬಿಕೊಂಡು ಕೂತುಬಿಟ್ಟ.

“ಗೀರೋ!” ಎಂದ ಧಣಿ. “ಬೆಳಿಗ್ಗೆಯಿಂದ ಹೆಸರು ಹೆಸರು ಅಂತ ಕುಣಿದೆಯಲ್ಲ?”

“ಗೀರಲ್ಲ. ಊರಿನ ನಾಯಿಗಳಿಗೆಲ್ಲ ಅಂಟಿಸಿದ ಹೆಸರು ನನ್ನ ಕುದುರೆಗೆ ಬೇಡ. ಇದು ಹಾಗೇ ಇರುತ್ತೆ, ಬರಿದಾಗಿ!”

ಹಡಗಿನ ಆಳುಗಳು ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತಿ ಸಾಗಿಸಿದರು. ವೆಲ್ತುರ್ ಹೂಜಿಯನ್ನು ಒಂದು ಸುತ್ತು ನೋಡಿ, ಹೆಸರು ಕಾಣದೆ ತಲೆಯಾಡಿಸಿದ.

“ಇದು ಬೇಡ ಬಿಡಿ. ಯಾರೋ ಹೊಸಬನ ಕೈ ಇರಬೇಕು,” ಎಂದವನು ಥಲ್ಲೋಸನ ಭುಜ ತಟ್ಟಿ, ಹೆಸರು ಗೀರಿದವನೇ ಚಿತ್ರ ಬರೆದವನು ಎಂದುಕೊಂಡು, ಮೊಳೆ ಒರೆಸುತ್ತಿದ್ದ ಗೋರ್ಗಿಲೋಸನತ್ತ ಕೈ ತೋರಿಸಿದ. “ಬೇಜಾರು ಮಾಡ್ಕೋಬೇಡ ತಮ್ಮಾ. ಕುದುರೆ ಬರೆಯೋದನ್ನ ಈ ಥಲ್ಲೋಸನ ಹತ್ರ ಕಲಿ.”

ಗೋರ್ಗಿಲೋಸ್ ನಾಚಿಕೊಂಡು ತಲೆ ತಗ್ಗಿಸಿದ.

“ಕಲಿಯಲ್ಲ!” ಥಲ್ಲೋಸ್ ಕೂಗಿದ ಕೂಗಿಗೆ ಆವಿಗೆಯ ಮೇಲಿನ ಕಾಗೆಗಳೆಲ್ಲ ಎದ್ದವು. “ಸತ್ತರೂ ಕಲಿಯಲ್ಲ!”