ಗಿರಣಿಗೆ ಹೋಗುವಾಕಿಯ ಕೂಸು

ಇದನ್ನ ಬಾಯೊಳಗ ಓದಿಕೊಳ್ರಿ, ದೊಡ್ಡ ದನಿ ತಗೀಬ್ಯಾಡ್ರಿ. ನಾನೂ ಸಣ್ಣ ದನಿಯೊಳಗ ಬರಿಯಾಕತ್ತೇನಿ. ಯಾರಾದರೂ ಕೇಳಿದರ ನನ್ನ ಹೆಸರು ಮಾತ್ರ ತಗೀಬಾರದು, ಆಣಿ ಐತಿ. ಕಲತದ್ದು ಎರಡನೇ ಇಯತ್ತೆ, ಅಕ್ಷರ ಸೊಟ್ಟ ಆದರ ನೀವ ನೆಟ್ಟಗ ಮಾಡಿಕೊಳ್ರಿ.

ಗೋಕಾಕದ ಹೊಳಿ ಧುಮುಕೂ ಧಬಧಬಿ ಕಡೆ, ನೂಲಿನ ಗಿರಣಿಗೆ ಹತ್ತಿದ ನಮ್ಮ ಓಣಿಯೊಳಗ ಇಂಥಾವು ಒಂದಲ್ಲ ಒಂದು ನಡದ ಇರತಾವು. ನಾ ಏನು ಹುಡುಕಿಕೊಂಡು ಹೋಗಂಗಿಲ್ಲ. ನನಗ ಒಂದು ಕಡೆ ಕೂಡಾಕ ಬರಂಗಿಲ್ಲ, ಅಷ್ಟ. ಒಲಿ ಮುಂದ ಕೂತರ ಬಾಗಿಲಿಗೆ ಹೋಗಬೇಕು ಅನಸತೈತಿ, ಬಾಗಿಲಿಗೆ ಹೋದರ ಹಿತ್ತಲಕ್ಕ. ಹಿತ್ತಲದಾಗ ಒಂದು ಮೋಟ ಗ್ವಾಡಿ. ಅದರಾಚೆ ಬಾಜೂ ಮನಿ. ಗ್ವಾಡಿ ಗಿಡ್ಡ ಕಟ್ಟಿದ್ದು ಗೌಂಡಿಯ ತಪ್ಪು, ನಂದಲ್ಲ.

ಆ ಬಾಜೂ ಮನಿಯಾಕಿ ಗಿರಣಿಯೊಳಗ ನೂಲು ಸುತ್ತಾಕ ಹೋಗತಾಳು. ಗಂಡನೂ ಅಲ್ಲೇ ದುಡಿಯತಾನು. ಎರಡು ಹೆಣ್ಣು ಮಕ್ಕಳು: ಹಿರೇದಕ್ಕ ನಾಕು ವರ್ಷ, ಸಣ್ಣದು ಇನ್ನೂ ಅಂಬೆಗಾಲು ಇಡತೈತಿ. ಒಬ್ಬರ ಪಗಾರದಾಗ ಆ ಮನಿ ಒಲಿ ಎರಡು ಹೊತ್ತು ಉರಿಯಂಗಿಲ್ಲ. ಇದು ಓಣಿಗೆಲ್ಲಾ ಗೊತ್ತು. ಗೊತ್ತು ಮಾಡಿದಾಕಿ ನಾನ, ಆ ಮಾತು ಬ್ಯಾರೆ. ಅದಕ್ಕ ಅಕಿ ಕೆಲಸ ಬಿಡುವಂಗಿಲ್ಲ. ಬಿಡಲಿಲ್ಲಂದರ ಕೂಸನ್ನ ಯಾರು ಹಿಡೀಬೇಕು? ಮೂರು ನಾಕು ತಿಂಗಳು ಅಕಿ ಇದಕ್ಕ ಓಡಿದ್ದ ಓಡಿದ್ದು, ನಾ ನೋಡಿದ್ದ ನೋಡಿದ್ದು.

ಗಿರಣಿಯೊಳಗಿನ ಬೆಕ್ಕು

ಮೊದಲ ಅಕಿ ಏನು ಮಾಡಿದಳಂದರ, ಕೂಸನ್ನ ಒಂದು ಬುಟ್ಟಿಯೊಳಗ ಮಲಗಿಸಿ, ಮ್ಯಾಲೆ ಅರಿವಿ ಹೊಚ್ಚಿ, ಬುತ್ತಿ ಒಯ್ದಂಗ ಗಿರಣಿಯೊಳಗ ಒಯ್ದಳು. ಒಳಗ ಕೂಸು ತರಬಾರದು ಅಂತ ಕಟ್ಟಪ್ಪಣಿ. ಆದರ ಅಲ್ಲಿ ಯಂತ್ರದ ಸಪ್ಪಳ ಎಂಥಾದ್ದಂದರ ಮಗ್ಗಲಾಕಿ ಒದರಿದರೂ ಕೇಳಂಗಿಲ್ಲ. ಕೂಸು ಅತ್ತರ ಯಾರಿಗೆ ಕೇಳಬೇಕು? ನಾಕು ದಿನ ಮಧ್ಯಾಹ್ನದ ಭೋಂಗಾ ಕೂಗಿ ಯಂತ್ರ ನಿಲ್ಲೂಕಿಂತ ಮೊದಲ ಬುಟ್ಟಿ ಎತ್ತಿಕೊಂಡು ಹೊರಗ ಹೋಗಿ ಹಾಲು ಕುಡಿಸಿ ಬಂದಳು. ಐದನೇ ದಿನ ಎಳಿ ಹರದವು, ಗಂಟು ಹಾಕಿಕೋತ ನಿಂತಳು. ಅಷ್ಟರಾಗ ಭೋಂಗಾ ಕೂಗಿತು, ಯಂತ್ರ ನಿಂತವು. ಆ ಸಪ್ಪಳಕ್ಕ ರೂಢಿಯಾಗಿ ಮಲಗಿದ್ದ ಕೂಸು, ಸಪ್ಪಳ ನಿಂತದ್ದಕ್ಕ ಗಾಬರಿಯಾಗಿ ಕಿಟ್ಟನ ಕಿರಿಚಿತು.

"ಏನದು?" ಅಂದ ಕೆಲಸ ನೋಡಿಕೊಳ್ಳೂ ಮುಕಾದಮ.

ಅಲ್ಲಿದ್ದ ಹೆಂಗಸರೆಲ್ಲಾ ಮ್ಯಾಲಿನ ತೊಲಿ ಎಣಿಸಿಕೋತ ನಿಂತರು. ಒಬ್ಬಾಕಿ ಧೈರ್ಯಾ ಮಾಡಿ, "ಬೆಕ್ಕು ಹೊಕ್ಕೈತ್ರಿ ಸಾಹೇಬ್ರ," ಅಂದಳು. ನನಗ ಈ ಸುದ್ದಿ ಹೇಳಿದಾಕಿನೂ ಅಕಿನ.

ಮುಕಾದಮ ನೆಟ್ಟಗ ಬುಟ್ಟಿ ಕಡೆ ಹೋದ. ಅರಿವಿ ಎತ್ತಿದ. ಬಗ್ಗಿ ನೋಡಿದ.

"ಹೌದಲಾ, ಬೆಕ್ಕ ಐತಿ," ಅಂದ. "ಖರೆ ಈ ಬೆಕ್ಕಿಗೆ ಕಾಡಿಗಿ ಹಚ್ಚಿ, ಗಲ್ಲಕ್ಕ ದೃಷ್ಟಿಬೊಟ್ಟ ಇಟ್ಟವರು ಯಾರು?"

ಎಂಟು ಹಡದಾಕಿ

ಅವತ್ತೇನೋ ಮುಕಾದಮ ನಕ್ಕು ಬಿಟ್ಟ. ಮರುದಿನ ಗೇಟಿನಾಗ ನಿಂತು, "ನೋಡು ಬಾಯಿ, ಇನ್ನೊಮ್ಮೆ ಕೂಸು ಒಳಗ ಕಂಡರ ನಿನ್ನ ಹೆಸರು ತಗದ ಹಾಕತೇನಿ. ಭೋಂಗಾ ಕೂಗಿದ ಮ್ಯಾಲೆ ಬಂದರೂ ತಗದ ಹಾಕತೇನಿ. ನಿನ್ನ ಜಾಗಾ ಬೇಡಿಕೊಂಡು ಹೊರಗ ಎಷ್ಟೋ ಮಂದಿ ನಿಂತಾರ," ಅಂದ.

ಇಕಿ ಅಂಜಿ, ಹುಕ್ಕೇರಿ ಕಡೆ ಬೆಲ್ಲದ ಬಾಗೇವಾಡಿಯಿಂದ ಅತ್ತಿನ್ನ ಕರಸಿದಳು. ಅತ್ತಿ ಗಾಡಿ ಇಳಿಯೂಕಿಂತ ಮೊದಲ, "ಎಂಟು ಹಡದಾಕಿ ನಾ! ಇವೆರಡು ನನಗ ಯಾವ ಲೆಕ್ಕ?" ಅಂತ ಓಣಿಗೆಲ್ಲಾ ಕೇಳುವಂಗ ಅಂದಳು. ಇದು ನಡಿಯೂ ಮಾತಲ್ಲ ಅಂತ ನನಗ ಅವಾಗ ಅನಸಿತು. ಗ್ವಾಡಿ ಬಿಟ್ಟು ಸರೀಲಿಲ್ಲ.

ಮರುದಿನ ಮುಂಜಾನೆ ಸೊಸಿ ಗಿರಣಿಗೆ ಹೋದಳು. ಅತ್ತಿ ಜಳಕಾ ಮಾಡಿ, ಅಂಗೈಯೊಳಗ ಲಿಂಗ ಇಟ್ಟುಕೊಂಡು ಪೂಜಿಗೆ ಕೂತಳು. ಪೂಜಿ ಮುಗಿಯೂ ತನಕ ಅಕಿ ಬಾಯಿ ಬಿಡಂಗಿಲ್ಲ, ಎದ್ದೇಳಂಗಿಲ್ಲ. ಕೂಸು ಅಂಬೆಗಾಲು ಹಾಕಿಕೋತ ಬಂದು ವಿಭೂತಿ ತಾಟಿಗೆ ಕೈ ಹಾಕಿತು. ಮೊದಲ ಹಣಿಗೆ, ಆಮ್ಯಾಲೆ ತಲಿಗೆ, ಆಮ್ಯಾಲೆ ಹೊಟ್ಟಿಗೆ ಬಡಕೊಂಡಿತು. ಅತ್ತಿ ಮೂಗಿನಾಗ "ಹ್ಞೂಂ! ಹ್ಞೂಂ!" ಅಂದು ಹುಬ್ಬಿಲೆ ಸನ್ನಿ ಮಾಡಿದಳು. ಹಿರೇ ಹುಡುಗಿ ಗಂಟಿ ಬೇಕೇನೋ ಅಂತ ತಂದು ಜೋರಾಗಿ ಬಾರಿಸಿತು. ಮತ್ತ "ಹ್ಞೂಂ!" ನೀರು ಬೇಕೇನೋ ಅಂತ ಒಂದು ಚರಿಗಿ ನೀರು ತಂದು ಅತ್ತಿ ಕಾಲ ಮ್ಯಾಲೆ ಹಾಕಿತು. ಅಷ್ಟರೊಳಗ ಕೂಸು ಜೋಳದ ಹಿಟ್ಟಿನ ಡಬ್ಬಿ ಕೆಡವಿ ಅದರಾಗ ಈಸಾಡಾಕ ಹತ್ತಿತ್ತು. ನಾ ಗ್ವಾಡಿ ಮ್ಯಾಲಿಂದ ಒದರಿ ಹೇಳಬಹುದಿತ್ತು. ಆದರ ಮಂದಿ ಪೂಜಿ ಮಾಡುವಾಗ ಇಣಿಕಿ ಹಾಕಿದೆ ಅಂತ ಗೊತ್ತಾದರ ಚಂದ ಕಾಣತೈತೇನು?

ಸಂಜಿಗೆ ಸೊಸಿ ಬಂದು ನೋಡಿದರ, ಕೂಸು ಸುಣ್ಣಾ ಬಳದಂಗ ಬೆಳ್ಳಗಾಗೈತಿ, ಅತ್ತಿ ಗಂಟು ಕಟ್ಟಿಕೊಂಡು ಹೊಸ್ತಿಲದಾಗ ಕೂತಾಳ.

"ಯಾಕ್ರಿ ಅತ್ತಿ, ಎಂಟು ಹಡದೇನಿ ಅಂದಿದ್ದಿರಿ?"

"ಹಡದೇನಿ. ಸಂಬಾಳಿಸೇನಿ ಅಂತ ಯಾವಾಗ ಅಂದಿನಿ? ನಾ ಹೊಲಕ್ಕ ಹೋಗತಿದ್ದೆ, ಹಿರೇದು ಕಿರೇದನ್ನ ಹಿಡಿತಿತ್ತು. ಆ ಹಿರೇದನ್ನ ಯಾರು ಹಿಡದಿದ್ದರೋ, ನನಗ ಇವತ್ತಿಗೂ ಗೊತ್ತಿಲ್ಲವ್ವಾ."

ಪೂಲಿನ ಮ್ಯಾಲೆ

ದೊಡ್ಡ ಯುದ್ಧದ ಲಡಾಯಿ ಬಂದು ನೂಲು ಬಾಳ ಬೇಕಾದ ಮ್ಯಾಲೆ ಗಿರಣಿ ಹಗಲೂ ರಾತ್ರಿ ನಡಿಯಾಕ ಹತ್ತಿತ್ತು. ಹೆಂಗಸರಿಗೆ ಬರೇ ಹಗಲು, ಗಂಡಸರಿಗೆ ಎರಡೂ. ಗಂಡ ಬೇಡಿಕೊಂಡು ರಾತ್ರಿ ಪಾಳಿ ತಗೊಂಡ. ಮುಂಜಾನೆ ಅಂವಾ ಹೊರಗ ಬರೂ ಹೊತ್ತಿಗೆ ಇಕಿ ಒಳಗ ಹೋಗಬೇಕು. ಧಬಧಬಿ ಮ್ಯಾಲೆ ತೂಗು ಸೇತುವಿ ಐತಲ್ಲ, ಆ ಪೂಲಿನ ನಡು ಇಬ್ಬರೂ ಕೂಡತಿದ್ದರು. ಇಕಿ ಕೂಸನ್ನ ಅವನ ಕೈಯಾಗ ಕೊಡೂದು, ಓಡೂದು. ಗಂಡ ಹೆಂಡತಿ ಮಾರಿ ಮಾರಿ ನೋಡೂದು ಅಷ್ಟ. ಎರಡು ಮಕ್ಕಳ ಮ್ಯಾಲೆ ಮೂರನೇದು ಯಾಕ ಆಗಲಿಲ್ಲ ಅಂತ ನೀವು ನನ್ನ ಕೇಳಬ್ಯಾಡ್ರಿ.

ಹಂಗ ಮಾಡುವವರು ಇವರೊಬ್ಬರ ಅಲ್ಲ, ಇನ್ನೂ ನಾಕೈದು ಜೋಡಿ ಇದ್ದವು. ಎಲ್ಲಾ ಕೂಸುಗಳಿಗೂ ಅದ ಗಿರಣಿಯ ಬಿಳೇ ಅರಿವಿ ಸುತ್ತಿರತಿತ್ತು. ಒಂದು ದಿನ ಗದ್ದಲೋ ಗದ್ದಲ, ಪೂಲು ತೂಗಾಡಾಕತ್ತಿತ್ತು. ಭೋಂಗಾ ಇನ್ನೇನು ಕೂಗತೈತಿ ಅಂತ ಇಕಿ ಮುಂದ ಚಾಚಿದ ಕೈಯೊಳಗ ಕೂಸನ್ನ ಇಟ್ಟು ಓಡಿದಳು. ಯಾರ ಕೈ ಅಂತ ನೋಡಲಿಲ್ಲ. ಗಂಡನೂ ನಿದ್ದಿಗಣ್ಣಿನಾಗ ಕೈ ಚಾಚಿ ನಿಂತಿದ್ದ, ಯಾರೋ ಒಂದು ಕೂಸು ಇಟ್ಟರು, ತಗೊಂಡು ಮನಿಗೆ ಬಂದು ತೊಟ್ಟಿಲದಾಗ ಹಾಕಿ ಉರುಳಿಕೊಂಡ.

ಸ್ವಲ್ಪ ಹೊತ್ತಿಗೆ ಹಿರೇ ಹುಡುಗಿ ತಂಗಿಯ ಒದ್ದಿ ಅರಿವಿ ಬಿಚ್ಚಾಕ ಹೋಗಿ, ಬಾಯಿ ಬಡಕೋತ ಓಣಿಗೆ ಬಂದು ನನ್ನ ಕರೀತು: "ಆಯೀ, ನಮ್ಮ ತಂಗಿ ತಮ್ಮ ಆಗ್ಯಾಳ!"

ನಾ ಹೋಗಿ ನೋಡಿದೆ. ಹುಡುಗಿ ಹೇಳಿದ್ದು ಅಕ್ಷರಶಃ ಖರೆ. ಗಂಡನ್ನ ಅಳ್ಳಾಡಿಸಿ ಎಬ್ಬಿಸಿದೆ. ಎದ್ದು ನೋಡಿ, "ನಿನ್ನೆ ಹೆಣ್ಣ ಇತ್ತಲ್ರಿ ಆಯಿ!" ಅಂತ ನನ್ನ ಕೇಳಿದ. ನಾ ಏನು ಬದಲಿ ಮಾಡೇನಿ ಏನು? ಕೂಸನ್ನ ಎತ್ತಿಕೊಂಡು ಪೂಲಿಗೆ ಓಡಿದ. ಹಿಂದ ನಾನು. ಗಿರಣಿಗೆ ಸುದ್ದಿ ಮುಟ್ಟಿದ್ದರ ಇಕಿ ಯಂತ್ರ ಬಿಟ್ಟು ಬರತಿದ್ದಳು, ಹೆಸರು ಹೋಗತಿತ್ತು. ಅದಕ್ಕ ಸಂಜಿ ತನಕ ನಾ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಜನ್ಮದಾಗ ಅಷ್ಟು ಹೊತ್ತು ಮುಚ್ಚಿದ್ದು ಅದ ಮೊದಲು.

ಆಚೆ ದಂಡಿಯಿಂದ ಇನ್ನೊಬ್ಬ ಬಂದ, ನಮ್ಮ ಕೂಸನ್ನ ಹೆಗಲಿಗೆ ಹಾಕಿಕೊಂಡು. ಓಡಿಕೋತ ಬಂದನೇನು? ಇಲ್ಲ. ಸಾವಕಾಶ ಬಂದ.

"ನಿಂದು ಬಾಳ ಶಾಣೇ ಐತಿ ಮಾರಾಯಾ, ಮಲಗಿದ್ದು ಎದ್ದಿಲ್ಲ," ಅಂದ. "ನಮ್ಮದನ್ನ ಇನ್ನೆರಡು ದಿನ ಇಟ್ಟುಕೋತಿ ಏನು?"

ಹಸರ ಸೀರಿಯಾಕಿ

ಇದನ್ನ ಓದೂಕಿಂತ ಮೊದಲ ಬಾಗಿಲಾ ಹಾಕಿಕೊಳ್ರಿ.

ಆ ಮ್ಯಾಲೆ ಒಂದು ವಾರ ಹಗಲೆಲ್ಲಾ ಕೂಸಿನ ಅಳು. ಅಪ್ಪ ಹಾಡಿದರೂ ಅಳು, ಕುಣಿದರೂ ಅಳು. ಒಂದು ದಿನ ಮಧ್ಯಾಹ್ನ ತಟ್ಟನ ನಿಂತಿತು. ಮರುದಿನಾನೂ ಇಲ್ಲ. ಅಳು ಇದ್ದಾಗ ನಾ ಹೆಂಗೋ ತಡಕೊಂಡಿದ್ದೆ, ನಿಂತ ಮ್ಯಾಲೆ ತಡಕೊಳ್ಳಾಕ ಆಗಲಿಲ್ಲ. ಒಳಗಿನ ಮೂಲಿ ತನಕ ಕಾಣಲಿ ಅಂತ ಹಿತ್ತಲದಾಗ ಕೊಡಪಾನ ಬೋರಲ ಹಾಕಿ ಹತ್ತಿ ನಿಂತೆ.

ಏನು ನೋಡಲಿ! ಪಡಸಾಲಿಯೊಳಗ ಒಬ್ಬಾಕಿ ನನಗ ಬೆನ್ನು ಮಾಡಿ ಕೂತು ತೊಟ್ಟಿಲಾ ತೂಗಾಕತ್ತಾಳು. ಹಸರ ಸೀರಿ, ಕೆಂಪ ಸೆರಗು, ತಲಿ ತುಂಬ ಹೊತಗೊಂಡಾಳು. ಆ ಸೀರಿ ಯಾರದು? ಬಾಜೂ ಮನಿಯಾಕಿಗೆ ತವರಿನವರು ಉಡಿಸಿದ್ದು! ಹೆಂಡತಿ ಗಿರಣಿಯೊಳಗ ಬೆವರು ಸುರಸಾಕತ್ತಾಳು, ಇಂವಾ ಇಲ್ಲಿ ಅಕಿ ಸೀರಿನ ಇನ್ನೊಬ್ಬಾಕಿಗೆ ಉಡಾಕ ಕೊಟ್ಟಾನು. ಆಕಿನೂ ಏನು ಸಣ್ಣಾಕಿ ಅಲ್ಲ, ಬಾಗಿಲದಷ್ಟು ಹೆಗಲು, ಮೊರದಷ್ಟು ಪಾದ. ಜೋಗುಳದ ದನಿ ಬೀಸುಕಲ್ಲು ತಿರವಿದಂಗ. ಅದರ ಮ್ಯಾಲೆ ಸೆರಗಿನೊಳಗಿಂದ ಬೀಡಿ ಹೊಗಿ! ಆವಾಗ ಮೂಡಲಗಿಯೊಳಗ ಒಂದು ನಾಟಕದ ಕಂಪನಿ ಬಂದು ಇಳಿದಿತ್ತು. ಅಲ್ಲಿಯಾಕಿನ ಅಂತ ನಾ ಲೆಕ್ಕ ಹಾಕಿದೆ.

ನಾ ಹೇಳಿದ್ದು ಮೂರೇ ಮಂದಿಗೆ. ಮೂವರಿಗೂ ಆಣಿ ಹಾಕಿಸಿದ್ದೆ. ಮರುದಿನ ಮಧ್ಯಾಹ್ನದ ಬಿಡುವಿಗೆ ಗಿರಣಿ ಗೇಟಿಗೆ ನಾನ ಹೋದೆ. ಬಾಜೂ ಮನಿಯಾಕಿ ರೊಟ್ಟಿ ಮುರೀತಿದ್ದಳು.

"ತಂಗಿ, ನಾ ಹೇಳಿದೆ ಅನಬ್ಯಾಡ. ನಿನ್ನ ಹಸರ ಸೀರಿ ಎಲ್ಲೈತಿ?"

"ಪೆಟಗಿಯೊಳಗ ಐತ್ರಿ ಆಯಿ. ಯಾಕ?"

"ಪೆಟಗಿಯೊಳಗ ಇಲ್ಲ. ನಿನ್ನ ಗಂಡನ ಬಾಜೂ ಕೂತಾಕಿ ಮೈಮ್ಯಾಲೆ ಐತಿ."

ಅಕಿ ಕೈಯಾಗಿನ ರೊಟ್ಟಿ ಹಂಗ ಹಿಡಕೊಂಡು ಓಡಿದಳು. ಬಿಡುವು ಮುಗಿಯಾಕ ಎಷ್ಟೊತ್ತು? ಭೋಂಗಾ ಕೂಗಿದರ ಕೆಲಸ ಹೋತು. ಅದೂ ನೆನಪ ಆಗಲಿಲ್ಲ. ಹಿಂದ ನಾನು, ನನ್ನ ಹಿಂದ ಓಣಿಯ ಹೆಂಗಸರೆಲ್ಲಾ. ಬಾಗಿಲಾ ದೂಡಿದಳು. ಹಸರ ಸೀರಿಯಾಕಿ ಬೆನ್ನು ಮಾಡಿ ಕೂತಿದ್ದಳು. ಇಕಿ ಹೋಗಿ ಸೆರಗು ಹಿಡದು ಜಗ್ಗಿದಳು ನೋಡ್ರಿ, ಅರ್ಧ ಸೀರಿ ಕೈಗೆ ಬಂತು. ಒಳಗ ಧೋತರ. ಮ್ಯಾಲೆ ಮೀಸಿ. ಒಂದು ಕೈಯಾಗ ಹಾಲಿನ ಒಳಲಿ, ಬಾಯಾಗ ಬೀಡಿ.

"ಸಾವಕಾಶ ಜಗ್ಗ!" ಅಂದ ಗಂಡ, ಪಿಸುದನಿಲೆ. "ಈಗ ಕಣ್ಣು ಮುಚ್ಚೈತಿ."

"ನೀವಾ?"

"ಮತ್ತ್ಯಾರು? ನಿನ್ನ ಸೀರಿ ವಾಸನಿ ಬರಲಿಲ್ಲಂದರ ಇದು ಹಾಲೂ ಕುಡಿಯಂಗಿಲ್ಲ, ನಿದ್ದಿನೂ ಮಾಡಂಗಿಲ್ಲ. ಏನ ಮಾಡಲಿ?"

"ನಿರಿಗಿ ಹಿಡದಾಕಿ ನಾ," ಅಂತು ಮೂಲಿಯಾಗಿಂದ ಹಿರೇ ಹುಡುಗಿ.

ಹೆಂಗಸರು ನಕ್ಕ ಹೊಡತಕ್ಕ ಕೂಸು ಎದ್ದು ಅಳಾಕ ಹತ್ತಿತು. ಅದರ ಮ್ಯಾಲೆ ಭೋಂಗಾ ಕೂಗಿತು. ಅಕಿ ಸೀರಿ ಒಗದು ಮತ್ತ ಓಡಿದಳು. ಗೇಟಿನಾಗ ಮುಕಾದಮ ತಡದ. ತೇಕಿಕೋತ ಇದ್ದದ್ದು ಇದ್ದಂಗ ಹೇಳಿದಳಂತ. ಅಂವಾ ಕಣ್ಣಾಗ ನೀರು ಬರೂ ತನಕ ನಕ್ಕು, "ಇದ ಕಡೀದು ಬಾಯಿ. ನಾಳಿ ಒಂದು ಗಳಿಗಿ ತಡಾ ಆದರೂ ನಿನ್ನ ಗಂಡಗ ಸೀರಿ ಉಡಿಸಿ ನಿನ್ನ ಜಾಗಾಕ್ಕ ನಿಲ್ಲಸತೇನಿ," ಅಂದನಂತ.

ಕೆಲಸ ಉಳೀತು. ಗಂಡ ಉಳೀಲಿಲ್ಲ. ಅಂದರ ಬದುಕ್ಯಾನು, ಸೀರಿ ಮಾತ್ರ ಮುಟ್ಟಂಗಿಲ್ಲ ಅಂತ ಕೂತ. ಅವತ್ತ ಸಂಜಿಗೆ ಪೂಲಿನ ಮ್ಯಾಲೆ ಗಂಡಸರು ಟಾವೆಲ್ ತಲಿ ಮ್ಯಾಲೆ ಹೊತಗೊಂಡು ಅವನಿಗೆ ಜೋಗುಳ ಹಾಡಿದರಂತ. ಪಾಳಿಗೆ ಹೋಗದ ಅಲ್ಲಿಂದನ ಹೊಳ್ಳಿ ಮನಿಗೆ ಬಂದು, "ಬೇಕಾದರ ನನ್ನ ಕೆಲಸ ಹೋಗಲಿ, ಇನ್ನೊಮ್ಮೆ ಉಡಂಗಿಲ್ಲ," ಅಂದದ್ದು ಗ್ವಾಡಿ ಈಚೆ ನನಗ ಚಂದಂಗ ಕೇಳಿತು. ಸೀರಿ ಇಲ್ಲದ ಕೂಸು ಹಾಲು ಕುಡಿಯಂಗಿಲ್ಲ. ಬೆಳಗಾದರ ಭೋಂಗಾ. ಕೂಸು ಯಾರ ಕೈಯಾಗ?

ದೀಪಾ ಹಚ್ಚೂ ಹೊತ್ತಿಗೆ ಬಾಜೂ ಮನಿಯಾಕಿ ನನ್ನ ಬಾಗಿಲಿಗೆ ಬಂದಳು. ನಾ ಮೊದಲ ತಯಾರಾಗಿದ್ದೆ. ಅಕಿ ಒದರಿದರ ನಾ ಎರಡರಷ್ಟು ಒದರಬೇಕು ಅಂತ ಒಲಿ ಊದೂದು ಬಿಟ್ಟು ಉಸರು ತುಂಬಿಕೊಂಡು ಕೂತಿದ್ದೆ. ಅಕಿ ಒದರಲೇ ಇಲ್ಲ. ಹಸರ ಸೀರಿ ಮಡಚಿ ತಂದಿದ್ದಳು, ನನ್ನ ತೊಡಿ ಮ್ಯಾಲೆ ಇಟ್ಟಳು.

"ಆಯಿ," ಅಂದಳು, "ನಮ್ಮ ಮನಿಯಾಗ ಹಸರ ಸೀರಿಯಾಕಿ ಒಬ್ಬಾಕಿ ಅದಾಳಂತ ಊರಿಗೆಲ್ಲಾ ಹೇಳಿ ಬಂದೀರಿ. ನಿಮ್ಮ ಮಾತು ಸುಳ್ಳ ಆಗಬಾರದು. ನಾಳಿಯಿಂದ ಅಕಿ ನೀವ. ಭೋಂಗಾ ಕೂಗೂದರೊಳಗ ಉಟಗೊಂಡು ಬರ್ರಿ."