ಕಲ್ಲು ಕರಗಿಸುವ ಹೊಟ್ಟೆ

ಸೋಮಲಿಂಗನ ಹೊಟ್ಟೆ ಕೆಟ್ಟದ್ದು ಜಮಖಂಡಿ ಬಸ್‌ಸ್ಟ್ಯಾಂಡಿನ ಹೊರಗೆ ತಿಂದ ಆರು ಮಿರ್ಚಿ ಭಜಿಯಿಂದ. ನಾಲ್ಕಕ್ಕೆ ಕೈ ತೊಳೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ತಂಗಿ ಅಕ್ಷತಾಳ ಲಗ್ನಪತ್ರಿಕೆ ಹಂಚಲು ಮುಧೋಳದಿಂದ ಬಂದವನು ಎರಡು ದಿನ ಗೆಳೆಯನ ಮನೆಯಲ್ಲಿ ತಂಬಿಗೆ ಹಿಡಿದೇ ಕಳೆದ. ಮೂರನೆಯ ದಿನ ತುಸು ನಿಂತಿತು. "ಇನ್ನೂ ಎರಡು ದಿನ ಖಾರ, ಎಣ್ಣಿ ಮುಟ್ಟಬ್ಯಾಡ" ಎಂದು ಡಾಕ್ಟರು ಗದರಿಸಿ ಕಳಿಸಿದರು.

ಆದರೆ ಅವತ್ತೇ ಗಲಗಲಿಗೆ ಹೋಗಬೇಕಿತ್ತು. ಅಲ್ಲಿದ್ದವನು ಸೋದರಮಾವ ಮುರಗೆಪ್ಪ. ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದವನು ಅವನೇ. ಪತ್ರಿಕೆ ತಂದವರು ತನ್ನ ಮನೆಯಲ್ಲಿ ಉಣ್ಣದೆ ಹೋದರೆ ಪತ್ರಿಕೆ ಕೊಟ್ಟ ಹಾಗೇ ಅಲ್ಲ ಎನ್ನುವ ಆಸಾಮಿ. ಅಕ್ಕ ರಾಜಶ್ರೀಯ ಮದುವೆಗೆ ಪತ್ರಿಕೆ ತಂದವನು ಬರೀ ನೀರು ಕುಡಿದು ಎದ್ದನೆಂದು, ಮಾವ ಕಲ್ಯಾಣಮಂಟಪದ ಗೇಟಿನ ತನಕ ಬಂದು, ವಧೂವರರ ತಲೆಯ ಮೇಲೆ ಅಕ್ಕಿಕಾಳು ಬೀಳುವವರೆಗೂ ಹೊರಗೇ ನಿಂತು ಹೋಗಿದ್ದ. ಅದನ್ನು ನೆನೆದು ಅವ್ವ ಇಂದಿಗೂ ಅಳುತ್ತಾಳೆ. "ಈ ಸಲ ನನ್ನ ತಮ್ಮ ಬರಲಿಲ್ಲಂದ್ರ ನಾನೂ ಮದವಿಗಿ ಬರಂಗಿಲ್ಲ" ಎಂದು ಸೋಮಲಿಂಗನ ತಲೆಯ ಮೇಲೆ ಕೈಯಿಟ್ಟು ಹೇಳಿದ್ದಳು.

ಬಸ್ಸಿನಲ್ಲಿ ಉಪ್ಪು-ಸಕ್ಕರೆಯ ನೀರನ್ನು ಗುಟುಕರಿಸುತ್ತಿದ್ದವನನ್ನು ಪಕ್ಕದ ಮುದುಕಿ ಗುರುಬಸವ್ವ ನೋಡಿಯೇ ನೋಡಿದಳು.

"ಯಾಕೋ ತಮ್ಮಾ, ಹೊಟ್ಟಿ ಜಾಡಿಸಾಕತ್ತೈತೇನು?"

"ಹೌದಬೇ ಆಯಿ. ಈಗ ಕಡಿಮಿ ಐತಿ."

"ನುಚ್ಚು ಮಜ್ಜಿಗಿ ಉಣ್ಣು. ಬ್ಯಾರೆ ಏನೂ ಮುಟ್ಟಬ್ಯಾಡ."

ಮುಂದಿನ ಸೀಟಿನ ನೇಮಿರಾಜ ಎಂಬ ತೇರದಾಳದ ವ್ಯಾಪಾರಿ ತಟ್ಟನೆ ತಿರುಗಿದ. "ಮಜ್ಜಿಗಿ? ಏನ್ ಹೇಳ್ತೀರಿ ಆಯಿ! ಹೊಟ್ಟಿ ಮತ್ತ ಕೆಡತೈತಿ. ಬಾಳಿಹಣ್ಣ ತಿನ್ರಿ, ಕಟ್ಟತೈತಿ." ಹೇಳಿದ್ದಷ್ಟೇ ಅಲ್ಲ, ಚೀಲದಿಂದ ಒಂದನ್ನು ತೆಗೆದು ಸುಲಿದು ಸೋಮಲಿಂಗನ ಬಾಯಿಗೇ ಹಿಡಿದ.

"ಬಾಳಿಹಣ್ಣ ತಂಪು! ಉಗುಳೋ!" ಎಂದಳು ಗುರುಬಸವ್ವ.

"ನುಂಗ್ರಿ!" ಎಂದ ನೇಮಿರಾಜ.

"ಎರಡೂ ಬ್ಯಾಡ್ರಿ, ಕರಿ ಚಾದಾಗ ಲಿಂಬಿಹಣ್ಣ ಹಿಂಡಿ ಕುಡೀರಿ" ಎಂದ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್.

ನುಂಗಬೇಕೋ ಉಗುಳಬೇಕೋ ತಿಳಿಯದೆ ಸೋಮಲಿಂಗ ಅರ್ಧ ಬಾಳೆಹಣ್ಣನ್ನು ದವಡೆಯಲ್ಲೇ ಇಟ್ಟುಕೊಂಡು ಮೂರು ಊರು ದಾಟಿದ. ಕೊನೆಗೆ ಅದು ತಾನಾಗಿಯೇ ಕರಗಿ ಒಳಗೆ ಹೋಯಿತು.

"ಯಾರ ಮನಿಗಿ ಹೊಂಟೀಯೋ?" ಮುದುಕಿ ಕೇಳಿದಳು.

"ಮುರಗೆಪ್ಪ ಮಾಮಾನ ಮನಿಗಿ."

"ಅಯ್ಯ, ನಮ್ಮ ಓಣಿಯಾಂವನ!"

ಸೋಮಲಿಂಗ ಕೈ ಮುಗಿದ. "ಆಯೀ, ಮಾಮಾಗ ಹೇಳಬ್ಯಾಡಬೇ. ಊಟ ತಪ್ಪಿಸಾಕ ನೆಪ ತಗದಾನ ಅಂತ ಸಿಟ್ಟ ಮಾಡಿಕೊಳ್ತಾನ."

"ನನಗ್ಯಾಕ ಬೇಕೋ ಊರ ಉಸಾಬರಿ?" ಎಂದಳು ಗುರುಬಸವ್ವ. ಗಲಗಲಿಯಲ್ಲಿ ಬಸ್ಸಿಳಿದದ್ದೇ ತಡ, ವಯಸ್ಸಿಗೆ ಮೀರಿದ ಕಾಲಿನಲ್ಲಿ ಓಣಿ ಹಿಡಿದಳು. ಸೋಮಲಿಂಗ ದಾರಿಯಲ್ಲೊಂದು ಕರಿ ಚಹಾ ಕುಡಿದು, ತಾಸು ಹೊತ್ತು ಕೂತು ಧೈರ್ಯ ತಂದುಕೊಂಡು ಮಾವನ ಹೊಸ್ತಿಲು ತುಳಿಯುವಷ್ಟರಲ್ಲಿ ಸುದ್ದಿ ಮುಟ್ಟಿ ಹೋಗಿತ್ತು.

ಅತ್ತೆ ಭಾಗವ್ವ ನೀರು ಕೊಡುತ್ತಲೇ ಕೇಳಿದಳು. "ನಿನ್ನ ಹೊಟ್ಟಿ ಸುದ್ದ ಇಲ್ಲಂತಲ್ಲೋ?"

ಮೂಲೆಯ ಮಂಚದಲ್ಲಿ ಕೌದಿ ಹೊದ್ದು ಕೂತಿದ್ದ ಮಾವ ಅವನನ್ನೇ ದಿಟ್ಟಿಸುತ್ತಿದ್ದ. ಸೋಮಲಿಂಗನಿಗೆ ಕಲ್ಯಾಣಮಂಟಪದ ಗೇಟು ಕಣ್ಣಿಗೆ ಕಟ್ಟಿತು.

"ಯಾರ ಹೇಳಿದ್ರರೀ ಅತ್ತಿ? ಕಲ್ಲ ತಿಂದ್ರ ಕಲ್ಲ ಕರಗತೈತಿ ನನ್ನ ಹೊಟ್ಟ್ಯಾಗ!"

"ಖರೇನ?" ಎಂದ ಮಾವ. ದನಿ ಯಾಕೋ ಇಳಿದಿತ್ತು.

"ನಿಮ್ಮ ಆಣಿಗೂ ಖರೆ ಮಾಮಾ. ಮುಂಜಾನಿಂದ ಉಪವಾಸ ಅದೇನಿ, ನಿಮ್ಮ ಮನಿ ಊಟದ ಸಲುವಾಗಿ."

ಮಾವ ನಿಟ್ಟುಸಿರು ಬಿಟ್ಟ. "ಹಂಗಾರ ಆ ಬೋಗಾಣಿ ಅತ್ತಾಗ ಇಡ. ಅಳಿಯಗ ಬ್ಯಾರೆ ಮಾಡ."

ಭಾಗವ್ವ ಮುಚ್ಚಿಟ್ಟಿದ್ದ ಪಾತ್ರೆಯೊಂದನ್ನು ಬದಿಗೆ ಸರಿಸಿ ಒಲೆ ಹೊತ್ತಿಸಿದಳು. ಬಿಸಿ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ, ಕೆಂಪು ಖಾರ, ತುಪ್ಪದಲ್ಲಿ ಮುಳುಗಿದ ಹೋಳಿಗೆ, ಕೊನೆಗೆ ವಿಧಿಯೇ ಕರಿದು ಕಳಿಸಿದಂತೆ ನಾಲ್ಕು ಮಿರ್ಚಿ ಭಜಿ. ಸೋಮಲಿಂಗ ಮೊದಲು ಅವ್ವನನ್ನು ನೆನೆದ, ಆಮೇಲೆ ದೇವರನ್ನು. ಎಲ್ಲವನ್ನೂ ಉಂಡ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೋ ಭಯಕ್ಕೋ ಅವನಿಗೇ ಗೊತ್ತಾಗಲಿಲ್ಲ.

ಕೈ ತೊಳೆದು ಪತ್ರಿಕೆಗೆ ಕುಂಕುಮ ಹಚ್ಚಿ ಮಾವನ ಮುಂದೆ ಹಿಡಿದ. ಮಾವ ಕೈ ಚಾಚಲಿಲ್ಲ. ಅವನ ತೊಡೆಯ ಮೇಲೊಂದು ಬಟ್ಟಲು, ಅದರ ತುಂಬ ನುಚ್ಚು ಮಜ್ಜಿಗೆ.

"ನಾಕ ದಿವಸ ಆತಲೇ, ನನಗೂ ಹೊಟ್ಟಿ ಜಾಡಿಸಾಕತ್ತು. ನಿಂದೂ ಹಂಗ ಐತಿ ಅಂತ ಗುರುಬಸವ್ವ ಹೇಳಿದ್ಲು. ಭಾಳ ಖುಷಿ ಆತು. ಮಾಮಾ-ಅಳಿಯ ಕೂಡಿ ನುಚ್ಚು ಉಣ್ಣೂಣು ಅಂತ ಒಂದು ಬೋಗಾಣಿ ಮಾಡಿಸಿದ್ದೆ."

"ಮಾಮಾ..."

"ಕೌದಿ ಹೊತ್ತು ಕುಂತೇನಿ, 'ಯಾಕ ಮಾಮಾ, ಆರಾಮ ಇಲ್ಲೇನು' ಅಂತ ಒಂದ ಮಾತ ಕೇಳಿದೇನು? ನನ್ನ ಮುಂದ ಕುಂತು ಹೋಳಿಗಿ ಹೊಡದಿ! ನಾ ಮದವಿಗಿ ಬರಂಗಿಲ್ಲ, ತಗೊಂಡ ಹೋಗು ನಿನ್ನ ಕಾಗದ!"

ಖರೆ ಸಂಗತಿ ಹೇಳಿಬಿಡೋಣವೆಂದು ಸೋಮಲಿಂಗ ಬಾಯಿ ತೆರೆದ. ಅಷ್ಟರಲ್ಲಿ ಹೊಟ್ಟೆ ಅವನಿಗಿಂತ ಮೊದಲು ಮಾತಾಡಿತು. ಪತ್ರಿಕೆ ಬಿಟ್ಟು ತಂಬಿಗೆ ಹಿಡಿದು ಹಿತ್ತಲಿಗೆ ಓಡಿದ. ಆದರೆ ಮಾವ ಅವನನ್ನು ಹಿಂದೆ ಹಾಕಿ, ಮನೆಗಿದ್ದ ಒಂದೇ ಪಾಯಖಾನೆಯ ಚಿಲಕ ಒಳಗಿನಿಂದ ಜಡಿದುಕೊಂಡ.

"ಮಾಮಾ! ಲಗೂನ ಬರ್ರಿ ಹೊರಗ! ನನ್ನ ಹೊಟ್ಟಿನೂ ಕೆಟ್ಟೈತ್ರೀ, ಖರೆ ಹೇಳ್ತೇನಿ!"

"ಸುಳ್ಳ ಹೇಳಬ್ಯಾಡಲೇ" ಎಂದಿತು ಒಳಗಿನ ದನಿ, ಯಾವ ಅವಸರವೂ ಇಲ್ಲದೆ. "ಕಲ್ಲ ಕರಗಿಸೋ ಹೊಟ್ಟಿ ನಿಂದು. ತಡಕೋ."